ಕೌಮಾರಭೃತ್ಯದಲ್ಲಿ ಶಿಶುವಿನ ನಿರ್ಭಯತೆಯ ವಿಚಾರ

ಆಯುರ್ವೇದದ ಅಷ್ಟಾಂಗಗಳಲ್ಲಿ ಕೌಮಾರಭೃತ್ಯವೆಂಬುದೊಂದು. ಸ್ತನ್ಯದ ಗುಣದೋಷಗಳು, ಧಾತ್ರಿಯ ಪರೀಕ್ಷೆ, ಬಾಲರೋಗಗಳು, ಬಾಲಗ್ರಹಗಳು ಇವೇ ಅದರ ವಿಷಯವೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ರೋಗವೇನೂ ಇಲ್ಲದ ಶಿಶುವನ್ನು ದಿನದಿನವೂ ಹೇಗೆ ಎತ್ತಬೇಕು, ಎಲ್ಲಿ ಮಲಗಿಸಬೇಕು, ಯಾವ ಆಟಿಕೆಯನ್ನು ಅದರ ಕೈಗೆ ಕೊಡಬೇಕು, ಅತ್ತಾಗ ಏನು ಮಾಡಕೂಡದು ಎಂಬ ವಿಚಾರವೂ ಅದೇ ಶಾಸ್ತ್ರದಲ್ಲಿ ಬಂದಿದೆ. ಈ ಭಾಗವನ್ನು ಓದುವವರು ಕಡಮೆ. ವೈದ್ಯರಿಗೆ ಇದು ಚಿಕಿತ್ಸೆಯಲ್ಲವೆಂದು ತೋರುತ್ತದೆ; ಪಂಡಿತರಿಗೆ ಇದು ಹೆಂಗಸರ ಮನೆಗೆಲಸವೆಂದು ತೋರುತ್ತದೆ. ನಾವು ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿಯೂ ಈ ವಾಕ್ಯಗಳು ಸುಲಭವಾದುವೆಂಬ ಕಾರಣದಿಂದ ಪಾಠವಿಲ್ಲದೆಯೇ ದಾಟಿಹೋಗುತ್ತಿದ್ದುವು. ಇವನ್ನು ಒಟ್ಟುಗೂಡಿಸಿ ನೋಡಿದರೆ, ಬಿಡಿಬಿಡಿಯಾಗಿ ಕಾಣುವ ವಿಧಿನಿಷೇಧಗಳೆಲ್ಲವನ್ನೂ ಒಂದೇ ಸೂತ್ರವು ಪೋಣಿಸಿರುವುದು ಗೋಚರವಾಗುತ್ತದೆ. ಶಿಶುವು ಬೆದರಕೂಡದು ಎಂಬುದೇ ಆ ಸೂತ್ರ. ಅದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಚರಕಸಂಹಿತೆಯ ಶಾರೀರಸ್ಥಾನದ ೮ನೆಯ ಅಧ್ಯಾಯಕ್ಕೆ ಜಾತಿಸೂತ್ರೀಯವೆಂದು ಹೆಸರು. ಅದರಲ್ಲಿ ಕುಮಾರಾಗಾರದ, ಎಂದರೆ ಮಗುವನ್ನು ಬೆಳೆಸುವ ಮನೆಯ, ಲಕ್ಷಣವು ಹೇಳಲ್ಪಟ್ಟಿದೆ. ಅದು ರಮ್ಯವಾಗಿರಬೇಕು, ಕತ್ತಲೆಯಿಲ್ಲದಿರಬೇಕು, ಗಾಳಿಯ ಹೊಡೆತವಿಲ್ಲದಿದ್ದರೂ ಒಂದು ಕಡೆಯಿಂದ ಗಾಳಿಯಾಡಬೇಕು, ಭದ್ರವಾಗಿರಬೇಕು, ಇಲಿ ಹುಳುಗಳ ಉಪದ್ರವವಿರಕೂಡದು. ನೀರು, ಒರಳು, ಸ್ನಾನದ ಸ್ಥಳ, ಅಡಿಗೆಯ ಸ್ಥಳ ಇವೆಲ್ಲ ತಕ್ಕ ಎಡೆಯಲ್ಲಿರಬೇಕು. ಹಾಸಿಗೆ ಹೊದಿಕೆಗಳು ಮೃದುವಾಗಿಯೂ ಹಗುರವಾಗಿಯೂ ಶುಚಿಯಾಗಿಯೂ ಇರಬೇಕು. ಬೆವರು ಕೊಳೆಗಳು ಹತ್ತಿದುವನ್ನು ಬಿಡಬೇಕು. ಬೇರೆಯಿಲ್ಲದಿದ್ದರೆ ಅವನ್ನೇ ಚೆನ್ನಾಗಿ ಒಗೆದು ಧೂಪ ಹಾಕಿ ಒಣಗಿಸಿ ಬಳಸಬಹುದು. ಈ ಕೊನೆಯ ಮಾತಿನಲ್ಲಿ ಬಡವರ ಮನೆಯ ನೆನಪು ಶಾಸ್ತ್ರಕಾರನಿಗೆ ಇದ್ದುದು ಕಾಣುತ್ತದೆ. ಇಲ್ಲಿ ಧೂಪವನ್ನು ವಿಧಿಸಿರುವುದು ಬಟ್ಟೆ ಹಾಸಿಗೆಗಳಿಗೆ. ನಮ್ಮ ಮನೆಗಳಲ್ಲಿ ಎಣ್ಣೆನೀರು ಎರೆದ ಮೇಲೆ ಕೂಸನ್ನೇ ಸಾಂಬ್ರಾಣಿಯ ಹೊಗೆಯ ಮೇಲೆ ಹಿಡಿಯುವ ರೂಢಿಯುಂಟು. ಎಳೆಯ ಶ್ವಾಸಕೋಶಕ್ಕೆ ಹೊಗೆಯು ಹಿತವಲ್ಲವೆಂದು ಇಂದಿನ ಶಿಶುವೈದ್ಯರು ಆಕ್ಷೇಪಿಸಿದರೆ ಅವರು ಚರಕನಿಗೆ ವಿರೋಧವಾಗಿ ಹೇಳಿದರೆಂದು ಕೋಪಿಸಿಕೊಳ್ಳುವುದಕ್ಕೆ ಅವಕಾಶವಿಲ್ಲ.

ಆ ಬಳಿಕ ಆಟಿಕೆಗಳ ವಿಚಾರ. ಅವು ಬಗೆಬಗೆಯಾಗಿರಬೇಕು, ನಾದವುಳ್ಳವಾಗಿರಬೇಕು, ಮನಸ್ಸಿಗೆ ಹಿಡಿಸುವಂತಿರಬೇಕು. ಭಾರವಾಗಿರಕೂಡದು, ಮೊನೆ ಚೂಪಾಗಿರಕೂಡದು, ಬಾಯೊಳಗೆ ಹೋಗುವಂತಿರಕೂಡದು, ಪ್ರಾಣಕ್ಕೆ ಅಪಾಯ ತರುವಂತಿರಕೂಡದು. ಇಷ್ಟನ್ನು ಹೇಳಿದ ಮೇಲೆ ಕೊನೆಗೆ ಅವು 'ಅವಿತ್ರಾಸನ' ಆಗಿರಬೇಕೆಂದು ಸೇರಿಸಿದೆ. ವಿತ್ರಾಸನವೆಂದರೆ ಬೆಚ್ಚಿಬೀಳಿಸುವುದು. ಆಟಿಕೆಯು ದೇಹಕ್ಕೆ ಹಾನಿ ಮಾಡದಿದ್ದರೆ ಸಾಲದು, ಮನಸ್ಸನ್ನೂ ನಡುಗಿಸಬಾರದೆಂದು ಅಭಿಪ್ರಾಯ. ನಾದವಿರಬೇಕೆಂದುದಕ್ಕೆ ಕಿರಿಚಾಟವಿರಬೇಕೆಂದು ಅರ್ಥವಲ್ಲ. ವಿದ್ಯುತ್ಕೋಶದಿಂದ ಅರಚುವ ಈಗಿನ ಕೆಲವು ಬೊಂಬೆಗಳು ಈ ಒಂದು ಪದದಿಂದಲೇ ನಿಷಿದ್ಧವಾಗುತ್ತವೆ. ಅಷ್ಟಾಂಗಸಂಗ್ರಹದಲ್ಲಿ ವಾಗ್ಭಟನು ಆಟಿಕೆಯು ಅರಗಿನಿಂದ ಮಾಡಿದುದಾಗಿರಲಿ, ದೊಡ್ಡದಾಗಿರಲಿ, ಹಸು ಕುದುರೆ ಮೊದಲಾದುವುಗಳ ಅಥವಾ ಹಣ್ಣಿನ ಆಕಾರದ್ದಾಗಿರಲಿ, ತ್ರಾಸವನ್ನುಂಟುಮಾಡದಿರಲಿ ಎಂದು ವಿಧಿಸುತ್ತಾನೆ. ದೊಡ್ಡದಾಗಿರಬೇಕೆಂಬುದಕ್ಕೆ ಪ್ರಯೋಜನವು ಸ್ಪಷ್ಟವೇ: ಮಗುವು ಕಂಡುದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಮೂರು ವರ್ಷಕ್ಕೆ ಕೆಳಗಿನ ಮಕ್ಕಳ ಆಟಿಕೆಗಳ ಬಿಡಿಭಾಗಗಳನ್ನು ೩೧.೭ ಮಿಲಿಮೀಟರು ವ್ಯಾಸದ ಒಂದು ಕೊಳವೆಯಲ್ಲಿ ಹಾಕಿ, ಅದರೊಳಗೆ ಪೂರ್ತಿಯಾಗಿ ಅಡಗುವುದನ್ನು ತಿರಸ್ಕರಿಸುವ ಪರೀಕ್ಷೆಯು ಈಗ ಅಂತರರಾಷ್ಟ್ರೀಯ ನಿಯಮದಲ್ಲಿದೆ. ನಮ್ಮ ದೇಶದಲ್ಲಿಯೂ ೨೦೨೧ನೆಯ ಇಸವಿ ಜನವರಿ ೧ರಿಂದ ಆಟಿಕೆಗಳಿಗೆ ಮಾನಕ ಮುದ್ರೆಯು ಕಡ್ಡಾಯವಾಗಿದೆ. ಅರಗಿನ ಮಾತು ಬಂದಾಗ ಕನ್ನಡಿಗರಿಗೆ ಚನ್ನಪಟ್ಟಣದ ನೆನಪಾಗದಿರದು. ಅಲ್ಲಿ ಆಲೆಮರದ ತುಂಡನ್ನು ಚರಕಿಯಲ್ಲಿ ತಿರುಗಿಸುತ್ತ ಬಣ್ಣದ ಅರಗನ್ನು ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೂಲೆಗಳೆಲ್ಲ ದುಂಡಗಾಗುತ್ತವೆ. ವಾಗ್ಭಟನಿಗೂ ಚನ್ನಪಟ್ಟಣಕ್ಕೂ ಸಂಬಂಧವನ್ನು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಎಳೆಯ ಬಾಯಿಗೂ ಕೈಗೂ ಏನು ತಕ್ಕದ್ದೆಂಬುದನ್ನು ಇಬ್ಬರೂ ಕಂಡುಕೊಂಡರು, ಅಷ್ಟೆ.

ಸುಶ್ರುತನ ಶಾರೀರಸ್ಥಾನದ ೧೦ನೆಯ ಅಧ್ಯಾಯದಲ್ಲಿ ಈ ವಿಚಾರವು ಇನ್ನೂ ಮನಮುಟ್ಟುವಂತೆ ಬಂದಿದೆ. ಮಗುವನ್ನು ಅದಕ್ಕೆ ಸುಖವಾಗುವಂತೆ ತೊಡೆಯ ಮೇಲೆ ಇಟ್ಟುಕೊಳ್ಳಬೇಕು, ಗದರಿಸಕೂಡದು, ಮಲಗಿದುದನ್ನು ಥಟ್ಟನೆ ಎಬ್ಬಿಸಕೂಡದು, ಬೆದರೀತು, ಥಟ್ಟನೆ ಎತ್ತುವುದಾಗಲಿ ಇಳಿಸುವುದಾಗಲಿ ಕೂಡದು, ಕಾಲಕ್ಕೆ ಮುಂಚೆ ಕೂರಿಸಕೂಡದು, ಬೆನ್ನು ಬಾಗೀತು, ನೂರಾರು ಪ್ರಿಯವಾದ ಮಾತುಗಳಿಂದ ಕೃತ್ಯಗಳಿಂದ ಯಾವಾಗಲೂ ಅದರ ಮನಸ್ಸನ್ನು ಅನುಸರಿಸಿ ನಡೆಯಬೇಕು. ಹೀಗೆ ಮನಸ್ಸಿಗೆ ಪೆಟ್ಟು ಬೀಳದೆ ಬೆಳೆದ ಮಗುವು ಸತ್ತ್ವಸಂಪನ್ನವಾಗಿಯೂ ನಿರೋಗಿಯಾಗಿಯೂ ಪ್ರಸನ್ನಚಿತ್ತವಾಗಿಯೂ ಆಗುತ್ತದೆಂದು ಫಲಶ್ರುತಿ. ಇಲ್ಲಿ ವಾಚಕರು ಗಮನಿಸಬೇಕಾದುದು 'ಅನುಸರಿಸಿ ನಡೆಯುವುದು' ಎಂಬ ಅಂಶವನ್ನು. ಮಗುವು ದೊಡ್ಡವರನ್ನು ಅನುಸರಿಸಬೇಕೆಂದಲ್ಲ, ದೊಡ್ಡವರು ಮಗುವನ್ನು ಅನುಸರಿಸಬೇಕೆಂದು ವಿಧಿ. ವಿಶ್ವ ಆರೋಗ್ಯ ಸಂಸ್ಥೆ ಮೊದಲಾದುವು ೨೦೧೮ರಲ್ಲಿ ಶಿಶುಪೋಷಣೆಗೆ ಐದು ಅಂಗಗಳನ್ನು ಗೊತ್ತುಮಾಡಿದುವು: ಆರೋಗ್ಯ, ಆಹಾರ, ರಕ್ಷಣೆ, ಕಲಿಕೆಯ ಅವಕಾಶ, ಮತ್ತು ಮಗುವಿನ ಇಂಗಿತವನ್ನರಿತು ಅದಕ್ಕೆ ತಕ್ಕಂತೆ ಓಗೊಡುವ ಪಾಲನೆ. ಈ ಕೊನೆಯ ಅಂಗವನ್ನು ಹೊಸದೆಂದು ಭಾವಿಸುವವರು ಸುಶ್ರುತನ ಈ ಭಾಗವನ್ನು ಒಮ್ಮೆ ಓದಬೇಕು.

ಕೂರಿಸುವ ವಿಷಯವನ್ನು ಕಾಶ್ಯಪಸಂಹಿತೆಯು ಬೆಳೆಸಿ ಹೇಳುತ್ತದೆ. ನೇಪಾಳದಲ್ಲಿ ದೊರೆತ ಶಿಥಿಲವಾದ ತಾಳೆಯೋಲೆಯ ಪ್ರತಿಯಿಂದ ೧೯೩೮ರಲ್ಲಿ ಹೇಮರಾಜಶರ್ಮರ ದೀರ್ಘವಾದ ಉಪೋದ್ಘಾತದೊಡನೆ ಅಚ್ಚಾದ ಈ ಗ್ರಂಥವು ಕೌಮಾರಭೃತ್ಯಕ್ಕೇ ಮೀಸಲಾದುದು. ಸಾರಿಸಿದ ನೆಲದ ಮೇಲೆ, ಮೃಗಪಕ್ಷಿಗಳ ಆಕಾರದ ಆಟಿಕೆಗಳ ನಡುವೆ ಮಗುವನ್ನು ಕೂರಿಸುವುದೇ ಅಲ್ಲಿ ಒಂದು ಸಂಸ್ಕಾರ. ಬಹಳ ಹೊತ್ತು ಕೂರಿಸಿದರೆ ಸೊಂಟ ಬೆನ್ನುಗಳು ಸೋಲುತ್ತವೆಂದು ಎಚ್ಚರಿಕೆಯೂ ಉಂಟು. ನೆರೆಮನೆಯ ಮಗುವು ಆಗಲೇ ಕೂತಿತೆಂದು ತಮ್ಮ ಮಗುವನ್ನು ದಿಂಬುಗಳ ನಡುವೆ ಸಿಕ್ಕಿಸುವ ತಾಯ್ತಂದೆಗಳು ಆ ಕಾಲದಲ್ಲಿಯೂ ಇದ್ದಿರಬೇಕು!

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಮಗುವು ಅತ್ತರೆ, ಉಣ್ಣದಿದ್ದರೆ, ಹೇಳಿದ ಮಾತು ಕೇಳದಿದ್ದರೆ ರಾಕ್ಷಸ ಪಿಶಾಚ ಪೂತನೆಯರ ಹೆಸರನ್ನು ಹೇಳಿ ಅದನ್ನು ಹೆದರಿಸತಕ್ಕದ್ದಲ್ಲವೆಂದು ಚರಕನು ಸ್ಪಷ್ಟವಾಗಿ ನಿಷೇಧಿಸಿದ್ದಾನೆ. ನಿಷೇಧಿಸಬೇಕಾದರೆ ರೂಢಿಯಿದ್ದಿರಲೇಬೇಕು, ಪ್ರಾಪ್ತಿಯಿಲ್ಲದೆ ನಿಷೇಧವಿಲ್ಲವೆಂಬುದು ಮೀಮಾಂಸಕರ ನ್ಯಾಯ. ಇಲ್ಲಿ ಒಂದು ಆಕ್ಷೇಪವು ಬರುತ್ತದೆ. ಈ ವೈದ್ಯರು ಪೂತನೆಯನ್ನು ನಂಬದವರೇ? ನಂಬಿದವರೇ. ಸುಶ್ರುತನ ಉತ್ತರತಂತ್ರದಲ್ಲಿ ಸ್ಕಂದ, ಶಕುನಿ, ರೇವತಿ, ಪೂತನೆ, ನೈಗಮೇಷ ಮೊದಲಾಗಿ ಒಂಬತ್ತು ಬಾಲಗ್ರಹಗಳಿಗೆ ಲಕ್ಷಣವೂ ಚಿಕಿತ್ಸೆಯೂ ಬಲಿವಿಧಾನವೂ ಇವೆ. ಹಾಗಾದರೆ ಇರುವ ಪೂತನೆಯ ಹೆಸರನ್ನು ಹೇಳಿದರೆ ದೋಷವೇನು? ಇದಕ್ಕೆ ಸಮಾಧಾನವು ಅಲ್ಲಿಯೇ ಇದೆ. ಗ್ರಹಗಳು ಎಂತಹ ಶಿಶುಗಳನ್ನು ಹಿಡಿಯುತ್ತವೆಂದು ಹೇಳುವಾಗ ಶೌಚವಿಲ್ಲದವು, ಮಂಗಳಾಚಾರವಿಲ್ಲದವು ಎಂಬುವುಗಳ ಜತೆಯಲ್ಲಿ ಬೆದರಿದವು, ಗದರಿಸಲ್ಪಟ್ಟವು ಎಂದೂ ಸುಶ್ರುತನು ಎಣಿಸುತ್ತಾನೆ. ಭಯವೇ ಗ್ರಹಕ್ಕೆ ಬಾಗಿಲು. ಪೂತನೆಯ ಹೆಸರಿನಿಂದ ಮಗುವನ್ನು ಹೆದರಿಸಿದ ತಾಯಿಯು ತಾನೇ ಆ ಬಾಗಿಲನ್ನು ತೆರೆದಂತಾಯಿತು. ಪೂತನೆಯು ಸುಳ್ಳೆಂದು ಹೇಳಿ ನಿಷೇಧಿಸಿದ್ದರೆ ಅದು ನಮ್ಮ ಕಾಲದ ವಾದವಾಗುತ್ತಿತ್ತು; ನಿಜವೆಂದು ನಂಬಿಯೂ ನಿಷೇಧಿಸಿದುದರಿಂದ ಈ ವಿಧಿಯು ಹೆಚ್ಚು ಬಲವಾಗಿದೆ. ಗ್ರಹದ ಮಾತನ್ನು ಬಿಟ್ಟುಬಿಟ್ಟರೂ ಅರ್ಥವು ಉಳಿಯುತ್ತದೆ. ಸಂತೈಸುವ ದೊಡ್ಡವರಿಲ್ಲದೆ ಭಯವು ಬಹುಕಾಲ ನಿಂತರೆ ಕಾರ್ಟಿಸಾಲ್ ಮೊದಲಾದ ಸ್ರಾವಗಳು ಏರಿಯೇ ಇದ್ದು, ಬೆಳೆಯುತ್ತಿರುವ ಮೆದುಳಿಗೆ ತೊಂದರೆಯಾಗುತ್ತದೆಂದು ಈಗಿನ ಶಾಸ್ತ್ರಜ್ಞರು ಹೇಳುವರು. ಸಂತೈಸಬೇಕಾದವರೇ ಹೆದರಿಸಿದರೆ ಮಗುವು ಯಾರ ಬಳಿಗೆ ಓಡಬೇಕು?

ಕಾವ್ಯದಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ಶಾಕುಂತಲದ ೭ನೆಯ ಅಂಕದಲ್ಲಿ ಸರ್ವದಮನನು ಸಿಂಹದ ಮರಿಯನ್ನು ಎಳೆದಾಡುತ್ತಿರುವಾಗ ತಾಪಸಿಯು ಮೊದಲು ತಾಯಿಸಿಂಹವು ಮೇಲೆ ಬಿದ್ದೀತೆಂದು ಬೆದರಿಸುತ್ತಾಳೆ. ಹುಡುಗನು ತುಟಿ ಚಾಚಿ ಅಣಕಿಸುತ್ತಾನೆ. ಬಳಿಕ ಆಕೆಯು ಬೇರೊಂದು ಆಟಿಕೆಯನ್ನು ಕೊಡುವೆನೆಂದು ಹೇಳಿ, ಬಣ್ಣದ ಮಣ್ಣಿನ ನವಿಲನ್ನು ತರಿಸುತ್ತಾಳೆ. ಬೆದರಿಕೆಯು ಸೋತ ಕಡೆ ಆಟಿಕೆಯು ಕೆಲಸಕ್ಕೆ ಬಂದಿತು. ನಮ್ಮ ಪುರಂದರದಾಸರ ಹೆಸರಾಂತ ಕೀರ್ತನೆಯೊಂದರಲ್ಲಿಯಂತೂ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ಪೂತನೆಯ ಪ್ರಾಣವನ್ನೇ ಹೀರಿದವನು ಗುಮ್ಮನಿಗೆ ಹೆದರುವನೆಂಬಲ್ಲಿ ಭಕ್ತರಿಗೆ ಲೀಲೆಯು ಕಾಣುತ್ತದೆ. ಕೌಮಾರಭೃತ್ಯವನ್ನು ಓದಿದವರಿಗೆ ಕನ್ನಡದ ಮನೆಗಳಲ್ಲಿ ಚರಕನ ನಿಷೇಧವು ನಡೆಯುತ್ತಿರಲಿಲ್ಲವೆಂಬುದೂ ಕಾಣುತ್ತದೆ.

ಆದರೆ ಅದೇ ಕನ್ನಡದ ಮನೆಯಲ್ಲಿ ಸುಶ್ರುತನ ಪ್ರಿಯವಾದ ನೂರು ಉಪಾಯಗಳೂ ಉಳಿದುಬಂದಿವೆ. ಭಾಷೆಯನ್ನೇ ನೋಡಿರಿ. ಸಂಸ್ಕೃತದಲ್ಲಿ ಲಾಲನವೆಂದರೆ ಮುದ್ದಿಸುವುದು. ಕನ್ನಡಕ್ಕೆ ಬಂದ 'ಲಾಲಿಸು' ಎಂಬುದಕ್ಕೆ ಮುದ್ದಿಸು ಎಂದೂ ಅರ್ಥ, ಕಿವಿಗೊಟ್ಟು ಕೇಳು ಎಂದೂ ಅರ್ಥ. ಮುದ್ದಿಸುವುದಕ್ಕೂ ಆಲಿಸುವುದಕ್ಕೂ ಒಂದೇ ಶಬ್ದವಾದುದು ಆಕಸ್ಮಿಕವೇ ಇರಬಹುದು, ಆದರೂ ಸೊಗಸಾದ ಆಕಸ್ಮಿಕ. 'ಆಡು' ಎಂಬ ಧಾತುವಿಗೆ ಕ್ರೀಡಿಸು ಎಂದೂ ನುಡಿ ಎಂದೂ ಎರಡರ್ಥಗಳಿವೆ; 'ಆಡಿಸು', 'ಮಾತಾಡಿಸು' ಎಂಬ ಪ್ರೇರಣಾರ್ಥಕಗಳು ಅಲ್ಲಿಂದಲೇ ಬಂದುವು. ಮಾತಾಡಿಸುವುದೆಂದರೆ ತಾನು ಮಾತಾಡುವುದಲ್ಲ, ಎದುರಿನವರಿಂದ ಮಾತನ್ನು ಹೊರಡಿಸುವುದು. ಕೂಸು 'ಊ' ಎಂದರೆ ಅಜ್ಜಿಯು 'ಊ' ಎಂದು ತಿರುಗಿ ಹೇಳಿ, ಮತ್ತೆ ಕೂಸಿನ ಸರದಿಗಾಗಿ ಕಾಯುತ್ತಾಳೆ. ಮಾತು ಹುಟ್ಟುವುದಕ್ಕೆ ಬಹು ಹಿಂದೆಯೇ ಸಂಭಾಷಣೆಯ ಕ್ರಮವು ಹೀಗೆ ಹುಟ್ಟುತ್ತದೆ.

ಎಣ್ಣೆನೀರಿನ ಕಾಲವೂ ಅಂತಹುದೇ. ಅಜ್ಜಿಯು ಮಣೆಯ ಮೇಲೆ ಕುಳಿತು ಕಾಲು ಚಾಚಿ ಅದರ ಮೇಲೆ ಕೂಸನ್ನು ಮಲಗಿಸಿ, ಕೈಕಾಲುಗಳನ್ನು ಒಂದೊಂದಾಗಿ ನೀವಿ, ಅವುಗಳ ಹೆಸರನ್ನು ಹೇಳುತ್ತಾಳೆ. ನಿತ್ಯವೂ ಅದೇ ಹೊತ್ತು, ಅದೇ ಕೈ, ಅದೇ ಮಾತು. ಮುಂದೆ ಏನು ಬರುವುದೆಂದು ತಿಳಿದಿರುವುದೇ ಎಳೆಯ ಮನಸ್ಸಿಗೆ ಧೈರ್ಯ. ಕಣ್ಣಿಗೆ ಸೆರಗು ಮುಚ್ಚಿ ತೆಗೆದು ನಗಿಸುವ ಆಟವು ಈ ಧೈರ್ಯದ ಪರೀಕ್ಷೆಯೇ ಸರಿ: ಕಾಣದಾದ ತಾಯಿಯು ಮತ್ತೆ ಕಾಣುವಳೆಂದು ಕೂಸು ಅದರಿಂದ ಕಲಿಯುತ್ತದೆ. ತಾಯಿಯ ಪಕ್ಷವನ್ನೂ ಸುಶ್ರುತನು ಮರೆತಿಲ್ಲ. ಮಗುವನ್ನು ನೋಡುವುದರಿಂದ, ಮುಟ್ಟುವುದರಿಂದ, ನೆನೆಯುವುದರಿಂದ ಹಾಲು ಇಳಿಯುತ್ತದೆಂದೂ, ಕೋಪ ಶೋಕಗಳಿಂದ ಬತ್ತುತ್ತದೆಂದೂ ಅವನು ಹೇಳಿರುವನು. ಸ್ಪರ್ಶ ಸ್ಮರಣೆಗಳಿಂದ ಆಕ್ಸಿಟೋಸಿನ್ ಎಂಬ ಸ್ರಾವವು ಹುಟ್ಟಿ ಹಾಲನ್ನು ಇಳಿಸುತ್ತದೆಂಬುದು ಇಂದಿನ ವಿವರಣೆ. ಮಗುವು ಬೆದರಕೂಡದೆಂಬ ಮನೆಯಲ್ಲಿ ಬಾಣಂತಿಯನ್ನು ಗದರಿಸುತ್ತಿದ್ದರೆ ವಿಧಿಯು ಅರ್ಧವೇ ನಡೆದಂತೆ.

ಐದು ವರ್ಷ ಲಾಲನೆ, ಆಮೇಲೆ ಹತ್ತು ವರ್ಷ ತಾಡನೆ ಎಂದು ಚಾಣಕ್ಯನ ಹೆಸರಿನಲ್ಲಿ ಒಂದು ನೀತಿಶ್ಲೋಕವು ಪ್ರಚಾರದಲ್ಲಿದೆಯಲ್ಲ ಎಂದು ಕೆಲವರು ಕೇಳಬಹುದು. ಅದರ ಉತ್ತರಭಾಗವು ನಮ್ಮ ಚರ್ಚೆಗೆ ಹೊರಗಿನದು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ೨೦೦೯ರ ಶಿಕ್ಷಣಹಕ್ಕಿನ ಶಾಸನವು ನಿಷೇಧಿಸಿಯೂ ಇದೆ. ಪೂರ್ವಭಾಗವನ್ನು ಮಾತ್ರ ಹಿಡಿದರೂ ಐದು ವರ್ಷದವರೆಗೆ ಲಾಲನೆಯ ಹೊರತು ಬೇರೊಂದಕ್ಕೆ ಎಡೆಯಿಲ್ಲ. ಶ್ಲೋಕವನ್ನು ಉದಾಹರಿಸುವ ತಂದೆಗಳು ಎರಡು ವರ್ಷದ ಕೂಸಿಗೇ ತಾಡನವನ್ನು ಆರಂಭಿಸುವುದು ಯಾವ ಶಾಸ್ತ್ರದಿಂದಲೋ ತಿಳಿಯದು.

ಈಗ ಅನೇಕ ಮನೆಗಳಲ್ಲಿ ಅಜ್ಜಿಯಿಲ್ಲ, ತಾಯ್ತಂದೆಗಳಿಬ್ಬರೂ ಕೆಲಸಕ್ಕೆ ಹೋಗುವರು. ೧೯೭೫ನೆಯ ಅಕ್ಟೋಬರ್ ೨ರಂದು ನಮ್ಮ ನಾಡಿನಲ್ಲಿ ತಿರುಮಕೂಡಲು ನರಸೀಪುರದಲ್ಲಿ ಮೊದಲಾದ ಅಂಗನವಾಡಿಗಳು ಈ ಕೊರತೆಯನ್ನು ಹಳ್ಳಿಹಳ್ಳಿಯಲ್ಲಿ ಒಂದಿಷ್ಟು ತುಂಬಿವೆ. ಅಲ್ಲಿನ ಕಾರ್ಯಕರ್ತೆಯು ಲೆಕ್ಕದ ಪುಸ್ತಕಗಳ ನಡುವೆ ಮಗುವನ್ನು ಆಡಿಸುವುದಕ್ಕೆ ಎಷ್ಟು ಹೊತ್ತು ಉಳಿಸಿಕೊಳ್ಳಬಲ್ಲಳೆಂಬುದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಪಟ್ಟಣಗಳಲ್ಲಿ ಗುಮ್ಮನು ಹಿಂದೆ ಸರಿದು ಆ ಸ್ಥಾನಕ್ಕೆ ಮೊಬೈಲ್ ಫೋನು ಬಂದಿದೆ. ಚರಕನು ಹೇಳಿದ ಸಂದರ್ಭಗಳೇ ಈಗಲೂ ಇವೆ: ಮಗುವು ಅತ್ತಾಗ, ಉಣ್ಣದಾಗ, ಮಾತು ಕೇಳದಾಗ. ಫೋನು ಹೆದರಿಸುವುದಿಲ್ಲ, ಸುಮ್ಮನಾಗಿಸುತ್ತದೆ. ಆದರೆ 'ಊ' ಎಂದರೆ ಕಾದುನಿಂತು 'ಊ' ಎನ್ನುವುದು ಅದಕ್ಕೆ ಬಾರದು. ಎರಡು ವರ್ಷ ತುಂಬುವವರೆಗೆ ಪರದೆಯು ಬೇಡವೆಂದೂ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆಗೆ ಮೀರಕೂಡದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಸೂಚಿಸಿತು.

ಗುಮ್ಮ, ಗೊಗ್ಗಯ್ಯ, ಬೂಚಿ ಎಂದು ಮುಂತಾಗಿ ಹೆದರಿಸುವ ಹೆಸರುಗಳು ಪ್ರಾಂತಪ್ರಾಂತಕ್ಕೂ ಬೇರೆಬೇರೆಯಾಗಿವೆ. ಎರೆಯುವಾಗ, ಉಣಿಸುವಾಗ, ತೊಟ್ಟಿಲು ತೂಗುವಾಗ ಹೇಳುವ ಮಾತುಗಳೂ ಆಡಿಸುವ ಆಟಗಳೂ ಹಾಗೆಯೇ ಭಿನ್ನವಾಗಿವೆ. ಕೋಶಗಳಲ್ಲಿ ಮೊದಲನೆಯವು ಕೆಲವು ಸೇರಿವೆ, ಎರಡನೆಯವು ಅಪೂರ್ವ. ತಮ್ಮ ಸೀಮೆಯಲ್ಲಿ ಬಳಕೆಯಲ್ಲಿರುವವುಗಳನ್ನು, ಮಗುವಿನ ವಯಸ್ಸು ಮತ್ತು ಸಂದರ್ಭಗಳೊಡನೆ, ಮನೆಯ ಹಿರಿಯ ಹೆಂಗಸರಿಂದ ಕೇಳಿ ಬರೆದು ಈ ಪತ್ರಿಕೆಗೆ ಕಳುಹಿಸುವ ವಾಚಕರಿಗೆ ನಾವು ಕೃತಜ್ಞರಾಗಿರುವೆವು.