ಕಂಪನಿಗೆ ಹೊಲ ಬೇಡ ಎಂದ ನಾಡು

ಅಮೆರಿಕದ ನಾರ್ತ್ ಡಕೋಟಾ ರಿಪಬ್ಲಿಕನ್ನರ ಭದ್ರಕೋಟೆ. ವ್ಯಾಪಾರಕ್ಕೆ ಸರ್ಕಾರ ಅಡ್ಡ ಬರಬಾರದು ಎನ್ನುವವರೇ ಅಲ್ಲಿ ಹೆಚ್ಚು. ಆದರೂ ಕಂಪನಿಗಳು ಬೇಸಾಯ ಮಾಡುವಂತಿಲ್ಲ ಎಂಬ ನಿಷೇಧ ಅಲ್ಲಿ ಹಳೆಯದು. ಅದನ್ನು ಸಡಿಲಿಸಿ, ಹೈನುಗಾರಿಕೆ, ಹಂದಿ ಸಾಕಣೆಗೆಂದು ಕಂಪನಿಗಳು 640 ಎಕರೆವರೆಗೆ ಜಮೀನು ಇಟ್ಟುಕೊಳ್ಳಬಹುದು ಎಂಬ ಕಾಯ್ದೆಗೆ 2015ರಲ್ಲಿ ಗವರ್ನರ್ ಜ್ಯಾಕ್ ಡಾಲ್ರಿಂಪಲ್ ಸಹಿ ಹಾಕಿದರು. ಫಾರ್ಮರ್ಸ್ ಯೂನಿಯನ್ ಎಂಬ ರೈತ ಸಂಘಟನೆ ಸಹಿ ಸಂಗ್ರಹಿಸಿ ಅದನ್ನು ಮತದಾರರ ಮುಂದಿಟ್ಟಿತು. 2016ರ ಜೂನ್ 14ರಂದು ನಾಲ್ವರಲ್ಲಿ ಮೂವರು ‘ಬೇಡ’ ಎಂದು ಮತ ಹಾಕಿದರು.

ಈ ಕಥೆ ಶುರುವಾಗುವುದು ಅದೇ ರಾಜ್ಯದ ಕ್ಯಾಸ್ ಕೌಂಟಿಯಲ್ಲಿ. 1873ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲ್ವೆ ಹಣವಿಲ್ಲದೆ ಕುಸಿದಾಗ, ಅದರ ಬಾಂಡ್ ಹಿಡಿದವರು ಕಾಗದ ಕೊಟ್ಟು ರೈಲ್ವೆಯ ಜಮೀನು ಪಡೆದರು. ಕಂಪನಿಯ ಅಧ್ಯಕ್ಷ ಜಾರ್ಜ್ ಕ್ಯಾಸ್ ಕೂಡ ಅವರಲ್ಲೊಬ್ಬ. ಕೌಂಟಿಗೆ ಅವನದೇ ಹೆಸರು. ಸಾವಿರಾರು ಎಕರೆಯಲ್ಲಿ ಗೋಧಿ ಬೆಳೆಯಲು ಅವರು ಕರೆತಂದದ್ದು ಆಲಿವರ್ ಡಾಲ್ರಿಂಪಲ್‌ನನ್ನು. 1875ರಲ್ಲಿ ನೇಗಿಲು ಇಳಿಯಿತು. ಮಾಲೀಕರು ದೂರದ ಊರುಗಳಲ್ಲಿ, ಕೊಯ್ಲಿಗೆ ಬಂದು ಹೋಗುವ ಕೂಲಿಗಳು ಹೊಲದಲ್ಲಿ. ಸಹಿ ಹಾಕಿದ ಗವರ್ನರ್ ಇದೇ ಡಾಲ್ರಿಂಪಲ್ ಮನೆತನದವರು. ಕಾದಂಬರಿಕಾರ ಹೀಗೆ ಬರೆದಿದ್ದರೆ ‘ಇದು ಅತಿಯಾಯಿತು’ ಎನ್ನುತ್ತಿದ್ದೆವು.

ಆದರೆ ನಿಷೇಧ ಹುಟ್ಟಿದ್ದು ಆ ದೈತ್ಯ ಹೊಲಗಳ ಮೇಲಿನ ಸಿಟ್ಟಿನಿಂದಲ್ಲ, ಸಾಲದಿಂದ. 1930ರ ದಶಕದ ಆರಂಭದಲ್ಲಿ ಗೋಧಿಯ ಬೆಲೆ ನೆಲ ಕಚ್ಚಿತ್ತು, ಮಳೆಯೂ ಕೈಕೊಟ್ಟಿತ್ತು. ಅಡಮಾನದ ಹೊಲಗಳು ಬ್ಯಾಂಕು, ವಿಮಾ ಕಂಪನಿಗಳ ಪಾಲಾದವು. ತಾವೇ ಕಾನೂನು ಮಾಡುವ ಅಧಿಕಾರ ಅಲ್ಲಿನ ಮತದಾರರಿಗೆ 1914ರಿಂದಲೇ ಇತ್ತು. 1932ರಲ್ಲಿ ಅದನ್ನು ಬಳಸಿದರು: ಕಂಪನಿಗಳು ಬೇಸಾಯ ಮಾಡುವಂತಿಲ್ಲ, ಕೈಸೇರಿದ ಹೊಲವನ್ನು ಹತ್ತು ವರ್ಷದೊಳಗೆ ಮಾರಬೇಕು.

ಇದನ್ನು ಕೋರ್ಟಿಗೆಳೆದದ್ದು ಲಾಭಕೋರ ಕಂಪನಿಯಲ್ಲ, ಮಿನ್ನೆಸೋಟಾದ ಆಸ್ಬರಿ ಎಂಬ ಧರ್ಮಾರ್ಥ ಆಸ್ಪತ್ರೆ. ಸಾಲದ ಬಾಬ್ತು ಅದಕ್ಕೆ ಜಮೀನು ಬಂದದ್ದೂ ಕ್ಯಾಸ್ ಕೌಂಟಿಯಲ್ಲೇ. ಈಗ ಮಾರಿದರೆ ನಷ್ಟ ಎಂದು ಅದು ವಾದಿಸಿತು. 1945ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಪರ ನಿಂತಿತು. ಆಸ್ಪತ್ರೆಯ ಕಷ್ಟ ನಿಜವೇ. ಆದರೆ ಸಾಲ ಕೊಟ್ಟವರೆಲ್ಲ ಒಳ್ಳೆಯ ಬೆಲೆಗೆ ಕಾದು ಕೂತಿದ್ದರೆ ಹೊಲ ರೈತನ ಕೈಗೆ ಮರಳುತ್ತಿದ್ದುದು ಯಾವಾಗ?

1981ರಲ್ಲಿ ಒಂದು ಕಿಂಡಿ ತೆರೆಯಿತು: ಬಂಧುಗಳೇ ಷೇರುದಾರರಾಗಿರುವ ಕಂಪನಿಗೆ ಅಡ್ಡಿಯಿಲ್ಲ. ಅತ್ತ, ಇಂಥದೇ ನಿಷೇಧವನ್ನು ಮತದಿಂದಲೇ ತಮ್ಮ ಸಂವಿಧಾನಕ್ಕೆ ಸೇರಿಸಿದ ಸೌತ್ ಡಕೋಟಾ, ನೆಬ್ರಾಸ್ಕಾಗಳು 2003 ಮತ್ತು 2006ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತವು.

2016ರಲ್ಲಿ ಗೆದ್ದವರ ಬಳಿಯೂ ಒಂದು ಪ್ರಶ್ನೆಗೆ ಉತ್ತರವಿರಲಿಲ್ಲ. ಹಸು ಸಾಕುವ ಮನೆಗಳು ಒಂದೊಂದಾಗಿ ಕೊಟ್ಟಿಗೆ ಮುಚ್ಚುತ್ತಿದ್ದವು. ಹೊಸ ಕೊಟ್ಟಿಗೆ ಕಟ್ಟುವಷ್ಟು ಬಂಡವಾಳ ಎಲ್ಲಿಂದ ತರುವುದು? 2023ರಲ್ಲಿ ಶಾಸನಸಭೆ ಮತ್ತೆ ಬಾಗಿಲು ಸಡಿಲಿಸಿತು. ಈ ಬಾರಿಯೂ ಪಶುಸಂಗೋಪನೆಗೆ ಮಾತ್ರ, ಆದರೆ 160 ಎಕರೆ ಮಿತಿಯೊಳಗೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ವಲಸೆ ಬಂದ ಒಂದು ರೈತ ಕುಟುಂಬಕ್ಕೆ ಸಿಗುತ್ತಿದ್ದುದೂ ಇಷ್ಟೇ ಜಮೀನು.