ಮೂಟೆಯ ಮೇಲಿನ ಮೂರು ಅಂಕಿ

ಹಲಸೂರಿನಿಂದ ಪೂರ್ವಕ್ಕೆ ಹೊರಟ ಹಳೆ ಮದ್ರಾಸ್ ರಸ್ತೆ ಇಂದಿರಾನಗರದ ಮಗ್ಗುಲಲ್ಲಿ ಸಾಗಿ, ಟಿನ್ ಫ್ಯಾಕ್ಟರಿಯ ಗದ್ದಲ ದಾಟಿ, ಕೆ.ಆರ್. ಪುರದ ತೂಗುಸೇತುವೆ ಹಿಂದಾಗುವವರೆಗೂ ಬರೀ ಊರೇ. ಆವಲಹಳ್ಳಿ ಹತ್ತಿರವಾದಂತೆ ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಕೆಂಪು ಹೊಲ ಇಣುಕತೊಡಗುತ್ತದೆ. ಬಿದರಹಳ್ಳಿ ಹೋಬಳಿಯಲ್ಲೂ ಅಲ್ಲಿಂದಾಚೆ ಹೊಸಕೋಟೆ ಸೀಮೆಯಲ್ಲೂ ಈಗಲೂ ರಾಗಿ ಇದೆ, ತರಕಾರಿ ಇದೆ, ಗುಲಾಬಿ ತೋಟಗಳಿವೆ. ಮುಂಗಾರಿನ ಹದ ಬಿದ್ದೊಡನೆ ಈ ಕಡೆಯ ಗೊಬ್ಬರದಂಗಡಿಗಳ ಮುಂದೆ ಜನ ಸೇರುತ್ತಾರೆ. ಬಹುತೇಕರು ಕೇಳುವುದು ‘ಒಂದು ಮೂಟೆ ಡಿಎಪಿ, ಒಂದು ಯೂರಿಯಾ’. ಅಂಥವರ ನಡುವೆ ಒಬ್ಬ ಹಿರಿಯರು ನಿಂತು, ‘ಹನ್ನೆರಡು ಮೂವತ್ತೆರಡು ಬಂದೈತಾ ಅಣ್ಣ? ಇಲ್ದಿದ್ರೆ ಹತ್ತು ಇಪ್ಪತ್ತಾರಾದ್ರೂ ನೋಡು’ ಎಂದು ಕೇಳಿದರೆ, ಅವರು ಮನೆಯಲ್ಲೇ ಲೆಕ್ಕ ಮುಗಿಸಿ ಬಂದಿದ್ದಾರೆ ಎಂದು ತಿಳಿಯಬೇಕು. ಆ ಲೆಕ್ಕದ ಬಗ್ಗೆ ನನಗೆ ಬಹಳ ಗೌರವ.

ಅದು ಕೂಡುವ ಲೆಕ್ಕವಲ್ಲ, ಕಳೆಯುವ ಲೆಕ್ಕ. ಬೆಳೆಗೆ ಇಷ್ಟು ಬೇಕು, ಅದರಲ್ಲಿ ನೆಲದಲ್ಲಿ ಇಷ್ಟಿದೆ, ಉಳಿದದ್ದನ್ನಷ್ಟೇ ಅಂಗಡಿಯಿಂದ ತರಬೇಕು.

ಮೂಟೆಯ ಮೇಲಿನ ಅಂಕಿಗಳು ನೂರು ಕಿಲೋ ಗೊಬ್ಬರದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟೆಷ್ಟು ಎನ್ನುವುದನ್ನು ಅದೇ ಕ್ರಮದಲ್ಲಿ ಹೇಳುತ್ತವೆ. ಮೂಟೆ 50 ಕಿಲೋದ್ದಾದ್ದರಿಂದ ಅಂಕಿಗಳನ್ನು ಅರ್ಧ ಮಾಡಿದರೆ ಸಾಕು: 12:32:16ರ ಒಂದು ಮೂಟೆಯಲ್ಲಿ 6 ಕಿಲೋ ಸಾರಜನಕ, 16 ಕಿಲೋ ರಂಜಕ, 8 ಕಿಲೋ ಪೊಟ್ಯಾಷ್. ನಾಲ್ಕನೆಯ ಅಂಕಿ ಇದ್ದರೆ ಅದು ಸಾಮಾನ್ಯವಾಗಿ ಗಂಧಕ; 20:20:0:13ರಲ್ಲಿ ಇರುವ ಹಾಗೆ. ಯೂರಿಯಾ, ಡಿಎಪಿ, ಪೊಟ್ಯಾಷ್ ತಂದು ಅಂಗಳದಲ್ಲಿ ಬೆರೆಸಿದರೂ ಅಂಕಿ ಹೊಂದೀತು. ಆದರೆ ಹರಳುಗಳ ಗಾತ್ರ, ತೂಕ ಬೇರೆಬೇರೆಯಾದ್ದರಿಂದ ಎರಚುವಾಗ ಒಂದು ಕಡೆ ಒಂದು ಹೆಚ್ಚು, ಇನ್ನೊಂದು ಕಡೆ ಇನ್ನೊಂದು ಹೆಚ್ಚು ಬೀಳುತ್ತದೆ. 12:32:16ರಂಥ ಕಾಂಪ್ಲೆಕ್ಸ್ ಗೊಬ್ಬರದಲ್ಲಿ ಪ್ರತಿ ಹರಳಿನೊಳಗೂ ಎಲ್ಲವೂ ಇರುತ್ತದೆ. ಎಕರೆಗೆ ಎಂಟು ಹತ್ತು ಕಿಲೋ ಪೊಟ್ಯಾಷನ್ನು ಸಮನಾಗಿ ಹಂಚುವುದು ಕೈಗೆ ಕಷ್ಟ, ಹರಳಿಗೆ ಸುಲಭ.

ಮಳೆ ನಂಬಿದ ರಾಗಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬಹುಕಾಲ ಹೇಳುತ್ತಾ ಬಂದ ಪ್ರಮಾಣ ಹೆಕ್ಟೇರಿಗೆ 50:40:25 ಕಿಲೋ. ಎಕರೆಗೆ ಇಳಿಸಿದರೆ 20:16:10. ಇದನ್ನೇ ಹಿಡಿದು ಅಂಗಡಿಯ ಮೂಟೆಗಳ ಮುಂದೆ ನಿಲ್ಲೋಣ. 12:32:16 ಒಂದು ಮೂಟೆ ತಂದರೆ ರಂಜಕ ಕರಾರುವಾಕ್ಕಾಗಿ 16 ಕಿಲೋ ಸಿಕ್ಕಿತು. ಪೊಟ್ಯಾಷ್ 8 ಬಂತು, ಎರಡು ಕಿಲೋ ಕೊರತೆ. ಮೂರು ಕಿಲೋ ಚಿಲ್ಲರೆ ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿ ಅದು ತುಂಬುತ್ತದೆ. ಸಾರಜನಕ 6 ಬಂತು, 14 ಬಾಕಿ, ಅಂದರೆ ಸುಮಾರು 30 ಕಿಲೋ ಯೂರಿಯಾ. ಇದರಲ್ಲಿ ಎಂಟೊಂಬತ್ತು ಕಿಲೋ ಬಿತ್ತನೆಯ ಹೊತ್ತಿಗೆ, ಉಳಿದದ್ದು ಮೇಲುಗೊಬ್ಬರಕ್ಕೆ.

ಇದರ ಬದಲು ‘ಮೂರೂ ಸಮ ಇದೆ, ಒಳ್ಳೇದು’ ಎಂದು 17:17:17 ಕೊಂಡರೆ ರಂಜಕ ತುಂಬಲು ಹೆಚ್ಚುಕಡಿಮೆ ಎರಡು ಮೂಟೆ ಬೇಕು. ಪೊಟ್ಯಾಷ್ ಬೇಕಾದ್ದಕ್ಕಿಂತ ಆರು ಕಿಲೋ ಹೆಚ್ಚಾಯಿತು. ಅದಕ್ಕಿಂತ ದೊಡ್ಡ ನಷ್ಟ, ಸಾರಜನಕದ ಮುಕ್ಕಾಲು ಪಾಲಿಗೂ ಹೆಚ್ಚು ಬಿತ್ತುವ ದಿನವೇ ನೆಲಕ್ಕೆ ಬಿತ್ತು. ಎರಡೆಲೆ ಬಿಟ್ಟ ಪೈರಿಗೆ ಅದನ್ನು ಉಣ್ಣುವ ಬೇರೆಲ್ಲಿದೆ? ಒಂದು ಜೋರು ಮಳೆ ಬಂದರೆ ಅದು ಬೇರಿನ ಕೈಗೆ ಸಿಗದ ಆಳಕ್ಕಿಳಿಯುತ್ತದೆ. ಹಾಗಂತ 17:17:17 ಕೆಟ್ಟ ಗೊಬ್ಬರವಲ್ಲ, ಈ ಲೆಕ್ಕಕ್ಕೆ ಹೊಂದದ ಗೊಬ್ಬರ ಅಷ್ಟೇ. ನೆಲಗಡಲೆ, ಹುಚ್ಚೆಳ್ಳಿನಂಥ ಎಣ್ಣೆಕಾಳಿಗೆ ಗಂಧಕ ಬೇಕು. ಅಲ್ಲಿ 20:20:0:13 ಅಥವಾ ಸಿಂಗಲ್ ಸೂಪರ್ ಫಾಸ್ಫೇಟ್ ಮುಂದೆ ಬರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಈ ಶಿಫಾರಸು ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಬಿದ್ದಿದೆ ಎಂದುಕೊಂಡೇ ಹೇಳಿದ್ದು. ಗೊಬ್ಬರ ಹಾಕದೆ ಮೂಟೆಯನ್ನಷ್ಟೇ ಸುರಿದವರು ಅರ್ಧ ಶಿಫಾರಸನ್ನು ಮಾತ್ರ ಓದಿದಂತಾಯಿತು. ಕೋಳಿ ಗೊಬ್ಬರ ಹೊಡೆಸಿದವರು ಮತ್ತೊಮ್ಮೆ ಕಳೆಯಬೇಕು. ಅದರಲ್ಲಿ ಸಾರಜನಕವೂ ರಂಜಕವೂ ಕೊಟ್ಟಿಗೆ ಗೊಬ್ಬರಕ್ಕಿಂತ ಎಷ್ಟೋ ಹೆಚ್ಚು.

ನೆಲದಲ್ಲಿ ಎಷ್ಟಿದೆ ಎಂದು ತಿಳಿಯುವುದಕ್ಕೆ ಮಣ್ಣು ಪರೀಕ್ಷೆ. ಎಂಟು ಹತ್ತು ಕಡೆ ಆರಿಂಚು ಆಳಕ್ಕೆ ‘ವಿ’ ಆಕಾರದ ಗುಂಡಿ ತೆಗೆದು, ಅದರ ಗೋಡೆಯಿಂದ ಮೇಲಿಂದ ಕೆಳಕ್ಕೆ ಒಂದು ಪದರ ಕೆರೆದು, ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರು ಎರಡನ್ನು ಬಿಸುಟು, ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ ನೆರಳಲ್ಲಿ ಒಣಗಿಸಬೇಕು. ಬದುವಿನ ಪಕ್ಕ, ಮರದಡಿ, ತಿಪ್ಪೆ ಇದ್ದ ಜಾಗ ಬೇಡ. ಇಷ್ಟು ಶ್ರದ್ಧೆಯಿಂದ ತೆಗೆಯದ ಮಣ್ಣಿನ ವರದಿ ಬೇರೆ ಯಾರದೋ ಹೊಲದ ವರದಿಯಿದ್ದ ಹಾಗೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಹನ್ನೆರಡು ಅಂಶಗಳಿರುತ್ತವೆ. ವರ್ಷಗಟ್ಟಲೆ ಡಿಎಪಿ ತಿಂದ ತರಕಾರಿ ಹೊಲದ ಕಾರ್ಡಿನಲ್ಲಿ ರಂಜಕದ ಎದುರು ‘ಹೆಚ್ಚು’ ಎಂದು ಬರುವುದು ಅಪರೂಪವೇನಲ್ಲ. ಆಗ ನಡುವಿನ ಅಂಕಿ ದೊಡ್ಡದಿರುವ ಮೂಟೆಯನ್ನು ಕೈಬಿಡಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಆ ಕಾರ್ಡು ತೋರಿಸಿ ಕೇಳಿದರೆ ಕಳೆಯುವ ಕೆಲಸಕ್ಕೆ ನೆರವು ಸಿಗುತ್ತದೆ.

ಬೆಂಗಳೂರಿನಲ್ಲಿ ಇಂಥ ಲೆಕ್ಕಕ್ಕೆ ಹಳೆಯ ಬೇರುಗಳಿವೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು, ರಸಾಯನಶಾಸ್ತ್ರಜ್ಞ ಲೆಹ್ಮನ್ ಅವರಿಂದ ಮಣ್ಣು ಮತ್ತು ಬೆಳೆಗಳ ಪರೀಕ್ಷೆ ಶುರು ಮಾಡಿಸಿದರು. 1939ರ ಹೊತ್ತಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ಪಟ್ಟಣದ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರಪದರವಾಗಿ ತುಂಬಿ ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಪಠ್ಯಪುಸ್ತಕಗಳು ಅದನ್ನು ‘ಬೆಂಗಳೂರು ವಿಧಾನ’ ಎಂದೇ ಕರೆಯುತ್ತವೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1986ರಿಂದ ಒಂದೇ ಕೆಮ್ಮಣ್ಣಿನ ತಾಕುಗಳಲ್ಲಿ ರಾಗಿ ಮತ್ತು ಮೆಕ್ಕೆಜೋಳ ಬೆಳೆಯುತ್ತಾ ಒಂದಕ್ಕೆ ಸಾರಜನಕ ಮಾತ್ರ, ಇನ್ನೊಂದಕ್ಕೆ ಮೂರೂ, ಮತ್ತೊಂದಕ್ಕೆ ಮೂರರ ಜೊತೆ ಕೊಟ್ಟಿಗೆ ಗೊಬ್ಬರ ಎಂದು ಕೊಡುತ್ತಾ ಬಂದಿದ್ದಾರೆ. ಸಾರಜನಕ ಮಾತ್ರ ಕಂಡ ತಾಕಿನಲ್ಲಿ ಮಣ್ಣು ಹುಳಿಯಾಗುತ್ತಾ ಇಳುವರಿ ಕುಸಿಯಿತು. ಕೊಟ್ಟಿಗೆ ಗೊಬ್ಬರ ಸೇರಿದ ತಾಕು ಮುಂದೆ ನಿಂತಿದೆ. 45 ಕಿಲೋ ಯೂರಿಯಾ ಮುನ್ನೂರು ರೂಪಾಯಿಯೊಳಗೆ, ಡಿಎಪಿ ಮೂಟೆ 1,350ಕ್ಕೆ ಸಿಗುವ ಕಾಲದಲ್ಲಿ ಕೈ ಯೂರಿಯಾದ ಕಡೆಗೇ ಹೋಗುವುದು ಸಹಜ. ತಡೆದುಕೊಳ್ಳುವುದೇ ಇಲ್ಲಿನ ಕಸುಬು.

ಆಯ್ದದ್ದಾಯಿತು, ಹಾಕುವುದೆಲ್ಲಿ? ನಮ್ಮ ಕೆಮ್ಮಣ್ಣಿನಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದುಬಿಡುತ್ತವೆ. ಹೊಲದ ತುಂಬ ಎರಚಿದರೆ ಹರಳು ಹರಳನ್ನೂ ಮಣ್ಣು ನುಂಗುತ್ತದೆ. ರಂಜಕ ಬಿದ್ದಲ್ಲಿಂದ ಹೆಚ್ಚು ಜರುಗುವುದೂ ಇಲ್ಲ. ಆದ್ದರಿಂದ ಬಲ್ಲವರು ಕಾಂಪ್ಲೆಕ್ಸನ್ನು ಕೂರಿಗೆಯ ಸಾಲಿನಲ್ಲೇ, ಬೀಜಕ್ಕೆ ತಾಗದಂತೆ ಎರಡು ಇಂಚು ಕೆಳಗೆ, ಪಕ್ಕಕ್ಕೆ ಬಿಡುತ್ತಾರೆ. ತಾಗಿದರೆ ಮೊಳಕೆ ಸುಡುತ್ತದೆ. ಇಂದಿರಾನಗರದ ತಾರಸಿಯಲ್ಲಿ ಕುಂಡಕ್ಕೆ ಒಂದು ಹಿಡಿ ಡಿಎಪಿ ಹಾಕಿ ಗಿಡ ಬಾಡಿತೆಂದು ಕೊರಗುವವರ ಕತೆಯೂ ಇದೇ, ಉಪ್ಪಿನ ಹೊಡೆತ. ಮೇಲುಗೊಬ್ಬರದ ಯೂರಿಯಾ ಮಾತ್ರ ಕಾಯಬೇಕು: ಮೂರು ನಾಲ್ಕು ವಾರ ಕಳೆದು, ಕುಂಟೆ ಹೊಡೆದು ಕಳೆ ತೆಗೆದ ಮೇಲೆ, ನೆಲದಲ್ಲಿ ಹಸಿ ಇರುವಾಗ, ಎಲೆ ಒಣಗಿರುವಾಗ. ಬಿಸಿಲಿಗೆ ಕಾದ ಒಣ ಮಣ್ಣಿನ ಮೇಲೆ ಚೆಲ್ಲಿದ್ದರಲ್ಲಿ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಅಕ್ಕಡಿ ಸಾಲಿನ ಅವರೆ, ತೊಗರಿಗೆ ಈ ಮೇಲುಗೊಬ್ಬರವೇ ಬೇಡ. ಅವು ತಮ್ಮ ಬೇರುಗಂಟಿನಲ್ಲೇ ಸಾರಜನಕ ಮಾಡಿಕೊಳ್ಳುತ್ತವೆ.

ತರಕಾರಿಯ ಕತೆ ಬೇರೆ. ದಂಡಿನ ಬಿಳಿಯರ ಊಟಕ್ಕೆಂದು ಹೂಕೋಸು, ಎಲೆಕೋಸು ಬೆಳೆಯಲು ಶುರುವಾದ ನಾಡಿದು. ಆ ತರಕಾರಿ ಬಿಕರಿಯಾಗುವ ಶಿವಾಜಿನಗರದ ರಸೆಲ್ ಮಾರ್ಕೆಟ್ ಕಟ್ಟಿದ್ದು 1927ರಲ್ಲಿ. ಅಲ್ಲಿ ಕೋಸಿನ ದಂಟು ಸೀಳಿ ನೋಡಿದಾಗ ಒಳಗೆ ಪೊಳ್ಳು, ಕಂದು ಬಣ್ಣ ಕಂಡರೆ ಬೋರಾನ್ ಕೊರತೆಯ ಅನುಮಾನ ಪಡಬೇಕು. ಎನ್‌ಪಿಕೆ ಎಷ್ಟು ಸುರಿದರೂ ಅದು ತುಂಬುವುದಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದಕ್ಕೆಂದೇ ಸತು, ಬೋರಾನ್ ಮುಂತಾದವನ್ನು ಸೇರಿಸಿ ‘ವೆಜಿಟಬಲ್ ಸ್ಪೆಷಲ್’ ಮಾಡಿದ್ದಾರೆ. ಕೋಸು, ಟೊಮೆಟೊಗೆ ಲೀಟರ್ ನೀರಿಗೆ 5 ಗ್ರಾಂ ಬೆರೆಸಿ ಸಿಂಪಡಿಸಬೇಕು. ಎಲೆಗೆ ಅಂಟಲೆಂದು ಒಂದು ಸ್ಯಾಷೆ ಶಾಂಪೂ, ಜೊತೆಗೆ ನಿಂಬೆರಸ ಬೆರೆಸಿ ಎಂದು ಆ ಸಂಸ್ಥೆಯೇ ಹೇಳುತ್ತದೆ. ವಿಜ್ಞಾನ ಇಷ್ಟು ಸಲೀಸಾಗಿ ಕಿರಾಣಿ ಅಂಗಡಿಗೆ ಬರುವುದು ನನಗೆ ಖುಷಿ ಕೊಡುವ ಸಂಗತಿ.

ಬೆಳ್ಳಂದೂರು, ವರ್ತೂರು ಕೆರೆಯ ನೀರು ಹರಿಯುವಲ್ಲಿ ಇನ್ನೂ ಒಮ್ಮೆ ಕಳೆಯಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿರುವ ಸಂಸ್ಕರಿಸಿದ ನೀರಿಗೂ ಈ ಮಾತು ಸಲ್ಲುತ್ತದೆ. ನಗರ ಕಳಿಸಿದ ಸಾರಜನಕ, ರಂಜಕ ಆ ನೀರಿನಲ್ಲೇ ಕರಗಿರುತ್ತವೆ. ಸೊಪ್ಪಿನ ಮಡಿ ಅದರಿಂದಲೇ ಕಡುಹಸಿರಾಗಿದ್ದರೆ ಯೂರಿಯಾ ಚೆಲ್ಲುವುದು ದುಡ್ಡಿಗೂ ದಂಡ, ಸೊಪ್ಪಿಗೂ ಕೇಡು.

ಹೊಸಕೋಟೆಯಾಚೆಯ ಡ್ರಿಪ್ ತೋಟಗಳಲ್ಲಿ ಈ ಕಸುಬು ವಾರದ ಲೆಕ್ಕಕ್ಕೆ ಇಳಿದಿದೆ. ನಾಟಿಯಾದ ಹೊಸತರಲ್ಲಿ ಬೇರಿಗೆಂದು 12:61:0, ಗಿಡ ಏಳುವಾಗ 19:19:19, ಕಾಯಿ ತುಂಬುವಾಗ 13:0:45. ಟೊಮೆಟೊ ಕಾಯಿಯ ತುದಿ ಕಪ್ಪಾಗದಿರಲು ಕ್ಯಾಲ್ಸಿಯಂ ನೈಟ್ರೇಟ್ ಕೂಡ ಬೇಕು. ಆದರೆ ಅದನ್ನು ರಂಜಕ ಅಥವಾ ಗಂಧಕ ಇರುವ ಗೊಬ್ಬರದ ಜೊತೆ ಒಂದೇ ಡ್ರಮ್ಮಿಗೆ ಹಾಕಿದರೆ ಎರಡೂ ಗಟ್ಟಿಯಾಗಿ ತಳಕ್ಕಿಳಿದು ಡ್ರಿಪ್ಪರಿನ ಕಣ್ಣು ಮುಚ್ಚುತ್ತವೆ. ಅದಕ್ಕೇ ಎರಡು ಡ್ರಮ್ಮು, ಎರಡು ದಿನ. ಹೊಸ ಜೋಡಿಯೇನಾದರೂ ಬೆರೆಸಬೇಕಾದರೆ ಪಳಗಿದವರು ಮೊದಲು ಗಾಜಿನ ಬಾಟಲಿಯಲ್ಲಿ, ತಮ್ಮದೇ ಬೋರ್‌ವೆಲ್ ನೀರಿನಲ್ಲಿ ಕಲಸಿ ಅರ್ಧ ಗಂಟೆ ಬಿಡುತ್ತಾರೆ. ಗಡಸು ನೀರಾದರೆ ಅದರಲ್ಲೇ ಕ್ಯಾಲ್ಸಿಯಂ ಇರುತ್ತದೆ. ಪಕ್ಕದ ತೋಟದಲ್ಲಿ ಚೆನ್ನಾಗಿ ಕರಗಿದ್ದು ಇಲ್ಲಿ ಒಡೆಯಬಹುದು. ತಳದಲ್ಲಿ ಬಿಳಿ ಗಸಿ ಕೂತರೆ ಆ ಜೋಡಿ ಬೇಡ. ಕೂರದಿದ್ದರೆ ಪೈಪಿನೊಳಕ್ಕೆ ಗೊಬ್ಬರ ಎಳೆದುಕೊಳ್ಳುವ ವೆಂಚುರಿಗೆ ಬಿಟ್ಟು, ಗೊಬ್ಬರ ಮುಗಿದ ಮೇಲೆ ಪೈಪು ತೊಳೆದುಹೋಗುವಷ್ಟು ಹೊತ್ತು ಬರೀ ನೀರು ಹಾಯಿಸುತ್ತಾರೆ.