ಟಿ.ವಿ. ಕಾರ್ಯಕ್ರಮ ಉಳಿಸಿಡುವ ಯಂತ್ರ: ಕೊಳ್ಳುವ ಮುನ್ನ

ಕುಸನೂರಿನ ರೈತ ಬಾಂಧವರೇ,

ತೊಗರಿಯ ಕಾಯಿಕೊರಕ ಹುಳು ಸಣ್ಣದಿದ್ದಾಗಲೇ ಔಷಧಿ ಹೊಡೆಯಬೇಕು. ಬೆಳೆದ ಮೇಲೆ ಅದು ಬಗ್ಗದು. ಇಂಥ ಮಾತನ್ನು ಟಿ.ವಿ.ಯಲ್ಲಿ ಹೇಳುವ ಹೊತ್ತಿಗೆ ತಾವು ಹೊಲದಲ್ಲಿರುತ್ತೀರಿ. 1975ರ ಆಗಸ್ಟ್‌ನಿಂದ ಒಂದು ವರ್ಷ ನಮ್ಮ ಜಿಲ್ಲೆಯ ಹಳವು ಹಳ್ಳಿಗಳಿಗೆ ಉಪಗ್ರಹದ ಮೂಲಕ ಕೃಷಿ ಕಾರ್ಯಕ್ರಮಗಳು ಬಂದವು. ಆಗ ನೋಡದೆ ಬಿಟ್ಟದ್ದು ಬಿಟ್ಟಂತೆಯೇ. ಈಗ ಮನೆಯಲ್ಲೇ ಉಳಿಸಿಟ್ಟು ರಾತ್ರಿ ನೋಡಬಹುದು.

ಅಂಗಡಿಯವರನ್ನು ಮೊದಲು ಹೀಗೆ ಕೇಳಿರಿ: ಇದರಲ್ಲಿ ಉಳಿಸಿದ್ದು ನೆರೆಮನೆಯ ಟಿ.ವಿ.ಯಲ್ಲಿಯೂ ಕಾಣುವುದೋ?

1. ಡಿ.ವಿ.ಡಿ. ರೆಕಾರ್ಡರ್: 4.7 ಜಿ.ಬಿ.ಯ ಒಂದು ಡಿಸ್ಕಿನಲ್ಲಿ ಸಾಧಾರಣವಾಗಿ 2 ಗಂಟೆಯ ಕಾರ್ಯಕ್ರಮ ಹಿಡಿಯುವುದು. 'ಆರ್' ಡಿಸ್ಕಿಗೆ ಒಮ್ಮೆ ಮಾತ್ರ ತುಂಬಬಹುದು. 'ಆರ್‌ಡಬ್ಲ್ಯು' ಅಳಿಸಿ ಮತ್ತೆ ತುಂಬಬಹುದು. ಕೊನೆಗೆ 'ಫೈನಲೈಸ್' ಮಾಡದಿದ್ದರೆ ಬೇರೆ ಪ್ಲೇಯರಿನಲ್ಲಿ ಓಡದಿರಬಹುದು. ಹೊಸ ಯಂತ್ರ ಈಗ ಸಿಗುವುದು ಅಪರೂಪ. ಹಳೆಯದಾದರೆ ಎದುರಿಗೇ ತುಂಬಿಸಿ, ಬೇರೆ ಪ್ಲೇಯರಿನಲ್ಲಿ ಹಾಕಿ ನೋಡಿರಿ.

2. ತಿಂಗಳ ಹಣ ಕಟ್ಟುವ ಡಿಶ್‌ನ ಬಾಕ್ಸ್: ಉಳಿಸಿದ್ದಕ್ಕೆ ಸಾಮಾನ್ಯವಾಗಿ ಗುಪ್ತ ಕೀಲಿ ಇರುವುದು, ಅದೇ ಬಾಕ್ಸಿನಲ್ಲಿ ಮಾತ್ರ ಕಾಣುವುದು. ಬಾಕ್ಸ್ ಕೆಟ್ಟರೆ ಕೂಡಿಸಿಟ್ಟದ್ದೂ ಹೋದೀತು.

3. ಉಚಿತ ಡಿಶ್‌ನ ಬಾಕ್ಸ್: ರೆಕಾರ್ಡ್ ಗುಂಡಿಯೂ ಪೆನ್‌ಡ್ರೈವ್ ಸಿಕ್ಕಿಸುವ ಜಾಗವೂ ಇರುವುದನ್ನೇ ಆರಿಸಿರಿ. ಗಂಟೆಗೆ 2 ಜಿ.ಬಿ. ಎಂದು ಲೆಕ್ಕ ಹಿಡಿದರೂ 32 ಜಿ.ಬಿ.ಯಲ್ಲಿ ಸುಮಾರು 15 ಗಂಟೆ ಕೂಡುವುದು. ಕಂಪ್ಯೂಟರಿನಲ್ಲಿ ತೆರೆಯುವುದೋ ಎಂದು ಪರೀಕ್ಷಿಸಿಯೇ ಹಣ ಕೊಡಿರಿ.

ಹೊಲಕ್ಕೆ ಹೋಗುವ ಮುಂಚೆ ಬಾಕ್ಸಿನಲ್ಲಿ ವೇಳೆ ಗೊತ್ತುಮಾಡಿ, ಗೋಡೆಯ ಸ್ವಿಚ್ ಆರಿಸದೆ ಬಿಡಿರಿ. ಕರೆಂಟು ಹೋದರೆ ರೆಕಾರ್ಡಿಂಗ್ ನಿಲ್ಲುವುದು. ನೋಡಿದ್ದನ್ನು ನೆರೆಯವರಿಗೂ ತೋರಿಸಿರಿ. ಒಬ್ಬರ ಹೊಲ ಕಾದರೆ ಸಾಲದು, ಹುಳಕ್ಕೆ ಬದುವಿನ ಅಡ್ಡಿಯಿಲ್ಲ.